ನಮ್ಮೂರು ಯಾವ ಪಾರ್ಟಿ ಕಡೆ? ಶ್ರೀನಿವಾಸಪುರದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಮೇಡಂ, ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನಿಮ್ಮೂರು ಯಾವ ಪಾರ್ಟಿ ಕಡೆ ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕೋ ಗೊತ್ತಾಗಲ್ಲ. ಒಂದು ಸಲ ಕಾಂಗ್ರೆಸ್, ಒಂದು ಸಲ ಜೆಡಿಎಸ್, 2019ರ ಲೋಕಸಭೆಗೆ ಕೋಲಾರದಿಂದ ಬಿಜೆಪಿ. ಅಪ್ಪನ್ನ ಕೇಳಿದರೆ "ನಾವು ರೆಡ್ಡಿ ಕಡೆ" ಅಂತಾರೆ, ಪಾರ್ಟಿ ಹೆಸರೇ ಎತ್ತಲ್ಲ. ಇದು ಜಾತಿ ಲೆಕ್ಕನಾ, ದುಡ್ಡಿನ ಲೆಕ್ಕನಾ? ಇನ್ನೊಂದು ವಿಷಯ, ನನ್ನ ಓಟು ಇನ್ನೂ ಊರಲ್ಲೇ ಇದೆ. ಅಲ್ಲೇ ಇರಲಾ, ಬೆಂಗಳೂರಿಗೆ ಹಾಕಿಸಿಕೊಳ್ಳಲಾ?

ಉತ್ತರ: ನಿಮ್ಮ ಅಪ್ಪನ ಮಾತಿನಿಂದಲೇ ಶುರು ಮಾಡೋಣ. ಅವರು ಪ್ರಶ್ನೆ ತಪ್ಪಿಸಿಕೊಳ್ಳೋಕೆ ಹಾಗೆ ಹೇಳಿಲ್ಲ. ನಿಮ್ಮೂರಿನ ರಾಜಕೀಯವನ್ನು ಎರಡೇ ಮಾತಿನಲ್ಲಿ ಸರಿಯಾಗಿ ಹೇಳಿದ್ದಾರೆ.

ನಿಮ್ಮ ವಿಧಾನಸಭಾ ಕ್ಷೇತ್ರದಲ್ಲಿ ಗೆದ್ದವರ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ. 1983ರಲ್ಲಿ ಜಿ.ಕೆ. ವೆಂಕಟಶಿವಾರೆಡ್ಡಿ. 1985ರಲ್ಲಿ ಕೆ.ಆರ್. ರಮೇಶ್ ಕುಮಾರ್. 1989ಕ್ಕೆ ಮತ್ತೆ ರೆಡ್ಡಿ, 1994ಕ್ಕೆ ರಮೇಶ್ ಕುಮಾರ್, 1999ಕ್ಕೆ ರೆಡ್ಡಿ, 2004ಕ್ಕೆ ರಮೇಶ್ ಕುಮಾರ್, 2008ಕ್ಕೆ ರೆಡ್ಡಿ, 2013ಕ್ಕೆ ರಮೇಶ್ ಕುಮಾರ್. 2018ರಲ್ಲಿ ರಮೇಶ್ ಕುಮಾರ್ ಮತ್ತೆ ಗೆದ್ದಾಗ ಈ ಸರದಿ ಮೊದಲ ಸಲ ಮುರಿಯಿತು. 2023ರಲ್ಲಿ ರೆಡ್ಡಿಯವರು ಸುಮಾರು 10 ಸಾವಿರ ಓಟಿನಿಂದ ವಾಪಸ್ ಬಂದರು. ನಲವತ್ತು ವರ್ಷ, ಎರಡೇ ಹೆಸರು. ರಾಜ್ಯದಲ್ಲಿ ಹೆಗಡೆ ಬಂದರು, ಬಂಗಾರಪ್ಪ ಬಂದರು, ದೇವೇಗೌಡರು, ಕೃಷ್ಣ, ಯಡಿಯೂರಪ್ಪ, ಸಿದ್ದರಾಮಯ್ಯ ಎಲ್ಲರೂ ಬಂದು ಹೋದರು, ಶ್ರೀನಿವಾಸಪುರದಲ್ಲಿ ಮಾತ್ರ ರೆಡ್ಡಿ ಕಡೆ, ಸ್ವಾಮಿ ಕಡೆ ಅಷ್ಟೇ. (ರಮೇಶ್ ಕುಮಾರ್ ಅವರನ್ನು ನಿಮ್ಮ ಕಡೆ ಸ್ವಾಮಿ ಅಂತಲೇ ಕರೆಯೋದು, ಇದು ಬೇರೆ ಊರಿನ ಓದುಗರಿಗೆ ಹೇಳುತ್ತಿದ್ದೇನೆ.)

ಈಗ ಇನ್ನೊಂದು ವಿಷಯ ನೋಡಿ. 80ರ ದಶಕದಲ್ಲಿ ರೆಡ್ಡಿಯವರು ಕಾಂಗ್ರೆಸ್, ರಮೇಶ್ ಕುಮಾರ್ ಜನತಾ ಪಕ್ಷ. 2008ರ ಹೊತ್ತಿಗೆ ರೆಡ್ಡಿಯವರು ಜೆಡಿಎಸ್, ರಮೇಶ್ ಕುಮಾರ್ ಕಾಂಗ್ರೆಸ್. ಅಂದರೆ ಇಬ್ಬರೂ ಬಾವುಟ ಅದಲುಬದಲು ಮಾಡಿಕೊಂಡರು. ಜೊತೆಗಿದ್ದ ಮನೆಗಳಲ್ಲಿ ಬಹುಪಾಲು ಮನೆಗಳು ಅವರವರ ಹಿಂದೆಯೇ ಹೋದವು. 1989ರಲ್ಲಿ ಕೈ ಗುರುತಿಗೆ ಮುದ್ರೆ ಒತ್ತಿದ ಅಜ್ಜಿ 2008ರಲ್ಲಿ ತೆನೆ ಹೊತ್ತ ಮಹಿಳೆಯ ಗುಂಡಿ ಒತ್ತಿದ್ದರೆ ಆ ಅಜ್ಜಿ ಪಕ್ಷಾಂತರ ಮಾಡಿದರು ಅಂತೀರಾ? ಅವರು ಇದ್ದ ಜಾಗದಲ್ಲೇ ಇದ್ದಾರೆ. ಹಾಗಾಗಿ ಹೊರಗಿನವರು ಫಲಿತಾಂಶದ ಪಟ್ಟಿಯಲ್ಲಿ ಪಕ್ಷದ ಬಣ್ಣ ನೋಡಿ "ಈ ಊರಿನ ಜನಕ್ಕೆ ನಿಲುವೇ ಇಲ್ಲ" ಅಂದಾಗ ನನಗೆ ಬೇಜಾರಾಗುತ್ತೆ. ನಿಲುವು ಇದೆ, ಸಿಕ್ಕಾಪಟ್ಟೆ ಗಟ್ಟಿಯಾಗಿಯೇ ಇದೆ. ಅದು ಪಕ್ಷದ ಮೇಲೆ ಇಲ್ಲ, ಅಷ್ಟೇ.

ಜಾತಿ ಲೆಕ್ಕನಾ ಅಂತ ಕೇಳಿದ್ದೀರಿ. ಜಾತಿ ಇಲ್ಲ ಅಂದರೆ ಅದು ಸುಳ್ಳಾಗುತ್ತೆ. ಆದರೆ ಬರೀ ಜಾತಿ ಲೆಕ್ಕದಲ್ಲಿ ನಿಮ್ಮ ಕ್ಷೇತ್ರ ಅರ್ಥವಾಗಲ್ಲ. ರಮೇಶ್ ಕುಮಾರ್ ಬ್ರಾಹ್ಮಣರು. ಶ್ರೀನಿವಾಸಪುರದಲ್ಲಿ ಬ್ರಾಹ್ಮಣರ ಓಟು ಎಷ್ಟಿದೆ? ಅದನ್ನು ನಂಬಿಕೊಂಡು ಪುರಸಭೆಯ ಒಂದು ವಾರ್ಡ್ ಗೆಲ್ಲೋದೂ ಕಷ್ಟ. ಅಂಥವರು 1978ರಿಂದ ಈಚೆಗೆ ಆರು ಸಲ ಗೆದ್ದಿದ್ದಾರೆ. ಸ್ವಂತ ಜಾತಿ ಬಲ ಇಲ್ಲದವರು ಉಳಿದ ಎಲ್ಲರನ್ನೂ ಒಟ್ಟು ಹಾಕಿಕೊಂಡೇ ಗೆಲ್ಲಬೇಕು. ಹಾಗಾಗಿ ಎರಡೂ ಕಡೆ ಒಕ್ಕಲಿಗರು, ದಲಿತರು, ಮುಸ್ಲಿಮರು, ಕುರುಬರು ಎಲ್ಲರೂ ಇರುತ್ತಾರೆ. ಹಳ್ಳಿ ಮಟ್ಟದಲ್ಲಿ ನೋಡಿದರೆ ಒಂದೇ ಜಾತಿಯ ಎರಡು ಕುಟುಂಬಗಳಿಗೆ ಹಳೇ ಜಮೀನಿನ ತಕರಾರು ಇರುತ್ತೆ, ಇಲ್ಲ ಊರ ದೇವರ ಜಾತ್ರೆಯಲ್ಲಿ ಮೊದಲ ಪೂಜೆಯ ಜಗಳ ಇರುತ್ತೆ, ಒಬ್ಬರು ರೆಡ್ಡಿ ಕಡೆ ಹೋದರು ಅಂದರೆ ಇನ್ನೊಬ್ಬರು ತಾವಾಗಿಯೇ ಸ್ವಾಮಿ ಕಡೆ. ಜಗಳ ಆಡಿದ ಅಣ್ಣತಮ್ಮಂದಿರು ತೀರಿಹೋಗಿರುತ್ತಾರೆ, ಮಕ್ಕಳು ಮೊಮ್ಮಕ್ಕಳು ಅದೇ ಕಡೆ ಮುಂದುವರಿದಿರುತ್ತಾರೆ.

ಆದರೆ ಹಳೇ ಜಗಳವೊಂದರಿಂದಲೇ ಯಾರೂ ನಲವತ್ತು ವರ್ಷ ಒಂದೇ ಕಡೆ ನಿಲ್ಲಲ್ಲ. ನಿಲ್ಲಿಸೋದು ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಬೆಂಗಳೂರಿನಲ್ಲಿ ಕೂತವರಿಗೆ ಇದು ಕಾಣೋದೇ ಇಲ್ಲ.

ಒಂದು ಮನೆ ಅಂದುಕೊಳ್ಳಿ. ಅಜ್ಜನ ಕಾಲದಿಂದ ಗೋಮಾಳದ ಅಂಚಿನಲ್ಲಿ ಎರಡು ಎಕರೆ ಉಳುತ್ತಿದ್ದಾರೆ, ಹತ್ತಾರು ಮಾವಿನ ಗಿಡಗಳೂ ಫಲಕ್ಕೆ ಬಂದಿವೆ. ಪಹಣಿಯಲ್ಲಿ ಮಾತ್ರ ಇವತ್ತಿಗೂ "ಸರ್ಕಾರಿ" ಅಂತಲೇ ಬರುತ್ತೆ. ಬಗರ್ ಹುಕುಂ ಸಕ್ರಮಕ್ಕೆ, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳೋಕೆ, ನಮೂನೆ 57ರಲ್ಲಿ ಅರ್ಜಿ ಹಾಕಿದ್ದಾರೆ. ಗ್ರಾಮ ಆಡಳಿತಾಧಿಕಾರಿ (ಮುಂಚೆ ಗ್ರಾಮ ಲೆಕ್ಕಿಗರು ಅಂತಿದ್ದರು) ಸ್ಥಳಕ್ಕೆ ಬಂದು ನೋಡಬೇಕು, ಆರ್‌ಐ (ಕಂದಾಯ ನಿರೀಕ್ಷಕರು) ವರದಿ ಕೊಡಬೇಕು, ಸರ್ವೆಯವರು ಅಳತೆ ಮಾಡಬೇಕು, ಆಮೇಲೆ ಕಡತ ಭೂಮಿ ಸಕ್ರಮ ಸಮಿತಿಯ ಮುಂದೆ ಹೋಗಬೇಕು. ಆ ಸಮಿತಿಗೆ ತಹಶೀಲ್ದಾರರು ಕಾರ್ಯದರ್ಶಿ. ಅಧ್ಯಕ್ಷರು ಯಾರು? ಕ್ಷೇತ್ರದ ಶಾಸಕರು. ಸಮಿತಿ ಒಪ್ಪಿದರೆ ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ), ಆಮೇಲೆ ಖಾತೆ, ಆಮೇಲೆ ಆ ಪಹಣಿ ಇಟ್ಟು ಸೊಸೈಟಿಯಲ್ಲಿ ಬೆಳೆ ಸಾಲ. ಒಪ್ಪದಿದ್ದರೆ ಅಥವಾ ಸಭೆಯೇ ಸೇರದಿದ್ದರೆ ಅರ್ಜಿ ಕಟ್ಟಿನಲ್ಲೇ ಉಳಿಯುತ್ತೆ. ನಿವೇಶನ, ಮನೆ ಹಂಚುವ ಆಶ್ರಯ ಸಮಿತಿಗೂ ಶಾಸಕರೇ ಅಧ್ಯಕ್ಷರು. ಈಗ ಹೇಳಿ, ಆ ಮನೆಯವರು ವಿಧಾನಸಭೆಗೆ ಓಟು ಹಾಕುವಾಗ ದೇಶದ ಆರ್ಥಿಕ ನೀತಿ ಯೋಚಿಸಬೇಕಾ, ಕಡತ ಸಮಿತಿ ಮುಂದೆ ಬಂದ ದಿನ ತಮ್ಮ ಹೆಸರು ಹೇಳಿಸೋರು ಯಾರು ಅಂತ ಯೋಚಿಸಬೇಕಾ?

ಶಾಸಕರ ತನಕ ಆ ಮನೆಯವರು ನೇರವಾಗಿ ಹೋಗಲ್ಲ. ಮಧ್ಯದಲ್ಲಿ ಒಬ್ಬರು ಇರುತ್ತಾರೆ. ಹಾಲಿನ ಡೇರಿ ಕಾರ್ಯದರ್ಶಿ ಇರಬಹುದು, ವಿಎಸ್ಎಸ್ಎನ್ (ವ್ಯವಸಾಯ ಸೇವಾ ಸಹಕಾರ ಸಂಘ) ಅಧ್ಯಕ್ಷರು, ಗ್ರಾಮ ಪಂಚಾಯ್ತಿ ಮೆಂಬರ್, ಸಣ್ಣ ಕಾಂಟ್ರಾಕ್ಟರ್ ಯಾರೂ ಆಗಬಹುದು. ಗ್ರಾಮ ಪಂಚಾಯ್ತಿ ಚುನಾವಣೆಗೆ ಕರ್ನಾಟಕದಲ್ಲಿ ಪಕ್ಷದ ಚಿಹ್ನೆ ಇಲ್ಲ, ಡೇರಿ ಚುನಾವಣೆಗೂ ಇಲ್ಲ, ಆದರೂ ಯಾರು ಯಾವ ಗುಂಪು ಅಂತ ಊರಿನ ಮಕ್ಕಳಿಗೂ ಗೊತ್ತಿರುತ್ತೆ. ಡೇರಿ ಅನ್ನೋದು ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಸುಮ್ನೆ ಒಂದು ಕಟ್ಟಡ ಅಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಪ್ರತಿ ಮನೆಯಿಂದ ಒಬ್ಬರು ಕ್ಯಾನ್ ಹಿಡಿದು ಅಲ್ಲಿಗೆ ಬರುತ್ತಾರೆ. ಫ್ಯಾಟ್ ಎಷ್ಟು ಬಂತು, ಬಟವಾಡೆ ಯಾವಾಗ, ಪಶು ಆಹಾರದ ಮೂಟೆ ಯಾರಿಗೆ ಮೊದಲು ಅನ್ನೋದೆಲ್ಲ ಅಲ್ಲೇ. ಊರಿನ ಮನಸ್ಸು ಯಾವ ಕಡೆ ತಿರುಗುತ್ತಿದೆ ಅಂತ ತಿಳಿಯೋಕೆ ನನಗೆ ಸಮೀಕ್ಷೆಗಿಂತ ಡೇರಿ ಚುನಾವಣೆಯ ಫಲಿತಾಂಶದ ಮೇಲೆ ನಂಬಿಕೆ ಜಾಸ್ತಿ.

ಜನ ಒಂದೇ ಕಡೆ ನಿಲ್ಲೋಕೆ ಇನ್ನೊಂದು ಕಾರಣ ಮತಯಂತ್ರ. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಯ ಮತಪತ್ರಗಳನ್ನು ಬೆರೆಸಿ ಎಣಿಸುವ ಪದ್ಧತಿ ಇತ್ತು. ಮತಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕ ಬೇರೆಬೇರೆಯಾಗಿ ಹೊರಬರುತ್ತೆ. ಹಲವು ಯಂತ್ರಗಳ ಓಟನ್ನು ಒಟ್ಟಿಗೆ ಎಣಿಸುವ ಟೋಟಲೈಸರ್ ತರಬೇಕು ಅಂತ ಚುನಾವಣಾ ಆಯೋಗವೇ 2008ರಲ್ಲಿ ಕೇಳಿತ್ತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಇದರ ಪರಿಣಾಮ ಸಣ್ಣ ಊರಿನಲ್ಲಿ ದೊಡ್ಡದು. "ನಿಮ್ಮ ಬೂತ್‌ನಲ್ಲಿ ನಮಗೆ ಲೀಡ್ ಬಂದಿಲ್ಲ" ಅಂತ ಗೆದ್ದವರು ಮುಖಕ್ಕೆ ಹೊಡೆದ ಹಾಗೆ ಹೇಳಬಹುದು, ಸಿಸಿ ರಸ್ತೆ, ಬೋರ್‌ವೆಲ್ ಪಕ್ಕದ ಬೀದಿಗೆ ಹೋಗಬಹುದು. ಒಬ್ಬೊಬ್ಬರ ಓಟು ಗುಟ್ಟಾಗಿಯೇ ಇರುತ್ತೆ, ಬೀದಿಯ ಓಟು ಗುಟ್ಟಾಗಿ ಉಳಿಯಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ಸೋತ ಕಡೆಯವರು ಐದು ವರ್ಷ ಕಾಯಬೇಕು ಅನ್ನೋದು ನಮ್ಮ ತಾಲ್ಲೂಕುಗಳಲ್ಲಿ ಸಹಜ ಅನ್ನುವಷ್ಟು ಒಗ್ಗಿಹೋಗಿದೆ. ಅರ್ಹತೆ ಇರುವವನ ಪಹಣಿ ಅವನ ಬೀದಿ ಯಾರಿಗೆ ಓಟು ಹಾಕಿತು ಅನ್ನೋದರ ಮೇಲೆ ನಿಲ್ಲಬಾರದು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ದುಡ್ಡು ಹಂಚುತ್ತಾರೆ, ಎರಡೂ ಕಡೆ ಹಂಚುತ್ತಾರೆ, ಕೊಡೋದೂ ಅಪರಾಧ, ತಗೊಳ್ಳೋದೂ ಅಪರಾಧ. ಆದರೆ ಎರಡೂ ಕಡೆಯಿಂದ ಬಂದಾಗ ಅದು ಒಂದಕ್ಕೊಂದು ವಜಾ ಆಗಿಬಿಡುತ್ತೆ. ಕೊಡದಿದ್ದವರು ಸೋಲಬಹುದು, ಕೊಟ್ಟ ಮಾತ್ರಕ್ಕೆ ಯಾರೂ ಗೆಲ್ಲಲ್ಲ. ಎರಡು ಕಡೆಯೂ ಗಟ್ಟಿಯಾಗಿ ಅಂಟಿಕೊಳ್ಳದ ಮನೆಗಳು ಪ್ರತಿ ಊರಿನಲ್ಲೂ ಸ್ವಲ್ಪ ಇರುತ್ತವೆ, ದುಡ್ಡು ಕೆಲಸ ಮಾಡೋದು ಅಲ್ಲಿ. ನಿಮ್ಮದೇ ಜಿಲ್ಲೆಯ ಮಾಲೂರಿನಲ್ಲಿ 2023ರಲ್ಲಿ ಗೆಲುವಿನ ಅಂತರ ಬರೀ 248 ಓಟು. ಅಂಥ ಕಡೆ ಆ ನಾಲ್ಕು ಮನೆಗಳೇ ಶಾಸಕರನ್ನು ತೀರ್ಮಾನ ಮಾಡುತ್ತವೆ, ಅದಕ್ಕೇ ಕೊನೆಯ ಎರಡು ರಾತ್ರಿ ಅಷ್ಟೊಂದು ಓಡಾಟ.

ಸರಿ, ಹಾಗಾದರೆ ಲೋಕಸಭೆಗೆ ಯಾಕೆ ಬೇರೆ? ಒಂದನೇ ಕಾರಣ, ಸಂಸದರು ನಿಮ್ಮ ಕಡತ ಮುಟ್ಟಲ್ಲ. ಬಗರ್ ಹುಕುಂ ಸಮಿತಿಗೂ ಅವರಿಗೂ ಸಂಬಂಧ ಇಲ್ಲ. ಹಾಗಾಗಿ ಕೈ ಸ್ವಲ್ಪ ಸಡಿಲ. ಜನ ದೇಶ ಯಾರು ಆಳಬೇಕು ಅಂತ ಯೋಚಿಸೋಕೆ ಜಾಗ ಸಿಗುತ್ತೆ. ಎರಡನೇದು, ಕೋಲಾರ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ನಿಂತವರೆಲ್ಲ ಪರಿಶಿಷ್ಟರೇ ಆದಾಗ ಒಕ್ಕಲಿಗರಿಗೋ ಕುರುಬರಿಗೋ "ನಮ್ಮವರು" ಅನ್ನೋ ಎಳೆತ ಇರಲ್ಲ. ಆಗ ಪಕ್ಷ, ಪ್ರಧಾನಿಯ ಹೆಸರು, ಅಭ್ಯರ್ಥಿಯ ಮೇಲಿನ ಸಿಟ್ಟು ಇವೆಲ್ಲ ಮುಂದೆ ಬರುತ್ತವೆ.

2019 ಇದಕ್ಕೆ ಒಳ್ಳೆಯ ಉದಾಹರಣೆ. ಕಾಂಗ್ರೆಸ್ ಮತ್ತು ಜೆಡಿಎಸ್ ಆಗ ಮೈತ್ರಿಯಲ್ಲಿದ್ದವು. ಅಂದರೆ ಕಾಗದದ ಮೇಲೆ ರೆಡ್ಡಿ ಕಡೆ, ಸ್ವಾಮಿ ಕಡೆ ಎರಡೂ ಒಂದೇ ಅಭ್ಯರ್ಥಿಗೆ ಕೆಲಸ ಮಾಡಬೇಕಿತ್ತು. ಆ ಅಭ್ಯರ್ಥಿ 1991ರಿಂದ ಸತತ ಏಳು ಸಲ ಗೆದ್ದಿದ್ದ ಕೆ.ಎಚ್. ಮುನಿಯಪ್ಪ. ಅವರು ಬಿಜೆಪಿಯ ಎಸ್. ಮುನಿಸ್ವಾಮಿ ಎದುರು 2 ಲಕ್ಷಕ್ಕೂ ಜಾಸ್ತಿ ಓಟಿನಿಂದ ಸೋತರು. ಮೇಲೆ ಇಬ್ಬರು ನಾಯಕರು ಕೈ ಕುಲುಕಿದರೆ ಕೆಳಗೆ ಡೇರಿ ಮುಂದೆ ನಿಂತಿರುವ ಇಬ್ಬರು ಮಾತು ಶುರು ಮಾಡಲ್ಲ. ಅದೇ ವರ್ಷ ತುಮಕೂರಿನಲ್ಲಿ ದೇವೇಗೌಡರೇ ಮೈತ್ರಿ ಅಭ್ಯರ್ಥಿ, ಅವರೂ 13 ಸಾವಿರ ಚಿಲ್ಲರೆ ಓಟಿನಿಂದ ಜಿ.ಎಸ್. ಬಸವರಾಜ್ ಎದುರು ಸೋತರು. ಹೇಮಾವತಿ ನೀರು ತುಮಕೂರಿಗೆ ಸರಿಯಾಗಿ ಬಿಡಲಿಲ್ಲ ಅನ್ನೋ ಹಳೇ ಸಿಟ್ಟು ಅಲ್ಲಿತ್ತು, ಅದರ ಮೇಲೆ ಎರಡೂ ಪಕ್ಷದ ಕಾರ್ಯಕರ್ತರು ಒಬ್ಬರನ್ನೊಬ್ಬರು ನಂಬಲಿಲ್ಲ.

2024ರಲ್ಲಿ ಜೆಡಿಎಸ್ ಬಿಜೆಪಿ ಜೊತೆಗಿತ್ತು. ಕೋಲಾರದಲ್ಲಿ ಜೆಡಿಎಸ್‌ನ ಮಲ್ಲೇಶ್ ಬಾಬು 70 ಸಾವಿರಕ್ಕೂ ಜಾಸ್ತಿ ಅಂತರದಿಂದ ಗೆದ್ದರು. ಕಾಂಗ್ರೆಸ್‌ನಲ್ಲಿ ಟಿಕೆಟ್‌ಗೆ ಮುನಿಯಪ್ಪ ಬಣ, ರಮೇಶ್ ಕುಮಾರ್ ಬಣ ಬೀದಿಗೆ ಬಂದು ಕೊನೆಗೆ ಮೂರನೆಯವರಿಗೆ ಟಿಕೆಟ್ ಹೋಗಿದ್ದು ನಿಮಗೆ ನೆನಪಿರಬೇಕು. ಗೃಹಲಕ್ಷ್ಮಿ ದುಡ್ಡು ಮನೆಮನೆಗೆ ಬರುತ್ತಿದ್ದ ಕಾಲದಲ್ಲೇ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ಕಾಂಗ್ರೆಸ್ ಸೋತಿತು. ಹೆಂಗಸರು ದುಡ್ಡು ತಗೊಂಡು ಮೋಸ ಮಾಡಿದರು ಅಂತ ಕೆಲವರು ಮಾತಾಡಿದರು, ಆ ಮಾತು ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ. ಅದು ರಾಜ್ಯ ಸರ್ಕಾರ ಕೊಟ್ಟ ಹಕ್ಕು, ಓಟಿನ ಮುಂಗಡ ಅಲ್ಲ. ರಾಜ್ಯಕ್ಕೆ ಒಂದು ತೀರ್ಪು, ದೇಶಕ್ಕೆ ಒಂದು ತೀರ್ಪು ಕೊಡೋದು ಮತದಾರರ ಬುದ್ಧಿವಂತಿಕೆ. ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್ 2023ರ ಮೇ ತಿಂಗಳಲ್ಲಿ ವಿಧಾನಸಭೆಗೆ ಪ್ರದೀಪ್ ಈಶ್ವರ್ ಎದುರು ಸುಮಾರು 10 ಸಾವಿರದಿಂದ ಸೋತರು, ಒಂದು ವರ್ಷಕ್ಕೆ ಲೋಕಸಭೆಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಓಟಿನಿಂದ ಗೆದ್ದರು. ಆದರೆ ಇಂಥ ಹೋಲಿಕೆ ಮಾಡುವಾಗ ಒಂದು ಎಚ್ಚರ ಬೇಕು: ಆ ಲೋಕಸಭಾ ಕ್ಷೇತ್ರದಲ್ಲಿ ಯಲಹಂಕ, ಹೊಸಕೋಟೆ, ದೇವನಹಳ್ಳಿ ಎಲ್ಲ ಸೇರುತ್ತವೆ. ಕೋಲಾರಕ್ಕೂ ಅಷ್ಟೇ, ಶಿಡ್ಲಘಟ್ಟ, ಚಿಂತಾಮಣಿ ಸೇರುತ್ತವೆ. ಲೋಕಸಭಾ ಫಲಿತಾಂಶ ಹಿಡಿದುಕೊಂಡು "ನಮ್ಮೂರು ತಿರುಗಿತು" ಅಂತ ಹೇಳೋಕೆ ಆಗಲ್ಲ.

ವ್ಯಕ್ತಿ ಮುಂದೆ, ಪಕ್ಷ ಹಿಂದೆ ಅನ್ನೋದು ನಿಮ್ಮೂರೊಂದರ ಕಥೆಯೂ ಅಲ್ಲ. ಗುಬ್ಬಿಯಲ್ಲಿ ಎಸ್.ಆರ್. ಶ್ರೀನಿವಾಸ್ 2004ರಲ್ಲಿ ಪಕ್ಷೇತರ, ಆಮೇಲೆ ಮೂರು ಸಲ ಜೆಡಿಎಸ್, 2023ರಲ್ಲಿ ಕಾಂಗ್ರೆಸ್, ಐದೂ ಸಲ ಗೆಲುವು. ಮುಳಬಾಗಿಲಿನಲ್ಲಿ 2013, 2018 ಎರಡೂ ಸಲ ಪಕ್ಷೇತರರು. ಗೌರಿಬಿದನೂರಿನಲ್ಲಿ ಸತತ ಐದು ಸಲ ಗೆದ್ದಿದ್ದ ಶಿವಶಂಕರ ರೆಡ್ಡಿಯವರನ್ನು 2023ರಲ್ಲಿ ಸೋಲಿಸಿದ್ದು ಪಕ್ಷೇತರ ಪುಟ್ಟಸ್ವಾಮಿ ಗೌಡ. ಇದಕ್ಕೆ ಅಪವಾದವೂ ಇದೆ, ಬಾಗೇಪಲ್ಲಿ. ಅಲ್ಲಿ ಸಿಪಿಎಂ 1983, 1994, 2004ರಲ್ಲಿ ಗೆದ್ದಿತ್ತು. ಕೂಲಿ, ಜಮೀನು, ನೀರು ಅಂತ ವರ್ಷಗಟ್ಟಲೆ ಸಂಘ ಕಟ್ಟಿದ್ದರಿಂದ ಪಕ್ಷಕ್ಕೇ ಒಂದು ಓಟು ಬೆಳೆದಿತ್ತು. ಅಂದರೆ ನಮ್ಮ ಭಾಗದ ಜನಕ್ಕೆ ಪಕ್ಷ ಅಂದರೆ ಅಲರ್ಜಿ ಏನಲ್ಲ, ಊರಿಗೆ ಬಂದು ವರ್ಷಪೂರ್ತಿ ಇರುವ ಪಕ್ಷ ಸಿಕ್ಕಿದರೆ ಅದಕ್ಕೂ ಓಟು ಹಾಕುತ್ತಾರೆ.

ಗುಂಪು ಒಡೆಯೋದು ಯಾವಾಗ? ಶಿರಾ ನೋಡಿ. 2018ರಲ್ಲಿ ಅಲ್ಲಿ ಬಿಜೆಪಿ ಮೂರನೇ ಸ್ಥಾನ. 2020ರ ನವೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯ ಡಾ. ರಾಜೇಶ್ ಗೌಡ ಗೆದ್ದರು, ಆ ಪಕ್ಷಕ್ಕೆ ಶಿರಾದಲ್ಲಿ ಅದೇ ಮೊದಲ ಗೆಲುವು. ಚುನಾವಣೆಗೆ ಮುಂಚೆ ಕಾಡುಗೊಲ್ಲ ಅಭಿವೃದ್ಧಿ ನಿಗಮ ಘೋಷಣೆ ಆಯಿತು, ಮುಖ್ಯಮಂತ್ರಿ ಯಡಿಯೂರಪ್ಪ ಬಂದು ಮದಲೂರು ಕೆರೆಗೆ ನೀರು ತುಂಬಿಸುತ್ತೇವೆ ಅಂದರು. ಒಣಗಿದ ಕೆರೆ ಮತ್ತು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದ ಒಂದು ಸಮುದಾಯ, ಇವೆರಡೂ ಹಳೇ ಕಾಂಗ್ರೆಸ್–ಜೆಡಿಎಸ್ ಗೆರೆಯನ್ನು ದಾಟಿಸಿದವು. 2023ಕ್ಕೆ ಟಿ.ಬಿ. ಜಯಚಂದ್ರ ವಾಪಸ್ ಬಂದರು. ಒಂದು ಸಲ ದಾಟಿದವರು ಮತ್ತೆ ದಾಟಬಲ್ಲರು, ಆ ಗೆರೆ ಮೊದಲಿನಷ್ಟು ಗಟ್ಟಿ ಇರಲ್ಲ.

ನಿಮ್ಮೂರಿನಲ್ಲೂ ಬಿರುಕು ಕಾಣುತ್ತಿದೆ. 2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿ ಜೊತೆ ಸೇರಿದ ಮೇಲೆ ರೆಡ್ಡಿ ಕಡೆ ಇರುವ ಮುಸ್ಲಿಂ ಮನೆಗಳಿಗೆ ಕಷ್ಟದ ಆಯ್ಕೆ ಬಂದಿದೆ. ನಿಮ್ಮಂಥವರು ಇನ್ನೊಂದು ಬಿರುಕು: ಬೆಂಗಳೂರಿನ ಸಂಬಳ ತಗೊಳ್ಳೋ ಮಗಳಿಗೆ ಸಾಗುವಳಿ ಚೀಟಿಯ ಹಂಗಿಲ್ಲ. ಮೂರನೇದು ಮಾವು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಮಾವು ಒಳಗೆ ಬರಬಾರದು ಅಂತ ಗಡಿಯಲ್ಲಿ ತಡೆದಾಗ ರೆಡ್ಡಿ ಕಡೆಯವರ ತೋಟ, ಸ್ವಾಮಿ ಕಡೆಯವರ ತೋಟ ಅಂತ ವ್ಯತ್ಯಾಸ ಇರಲಿಲ್ಲ, ಎಲ್ಲರ ಕಾಯಿಯೂ ಮರದಲ್ಲೇ ಉಳಿಯಿತು. ತಿರುಳು ತೆಗೆಯುವ ಕಾರ್ಖಾನೆಗಳು ಆ ಕಡೆ ಇವೆ, ಇಷ್ಟೊಂದು ಮಾವು ಬೆಳೆಯುವ ತಾಲ್ಲೂಕಿಗೆ ತಕ್ಕಷ್ಟು ಈ ಕಡೆ ಇಲ್ಲ. ಬೆಳೆಗಾರರು ಇದನ್ನು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಆದರೂ ಚುನಾವಣೆ ಬಂದಾಗ ಇದು ಎರಡು ಗುಂಪಿನ ಮಧ್ಯೆ ಮುಚ್ಚಿಹೋಗುತ್ತೆ. ಗುಂಪು ರಾಜಕೀಯದಿಂದ ನಿಮ್ಮ ತಾಲ್ಲೂಕಿಗೆ ಆಗಿರುವ ನಷ್ಟ ಏನು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಒಬ್ಬೊಬ್ಬರ ಕೆಲಸ ಆಗುತ್ತೆ, ಎಲ್ಲರಿಗೂ ಸೇರಿದ ಕೆಲಸ ನಿಲ್ಲುತ್ತೆ. ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಚುನಾವಣೆ 2016ರ ಆಮೇಲೆ ನಡೆದೇ ಇಲ್ಲದಿರುವುದು ಇದನ್ನು ಇನ್ನೂ ಹದಗೆಡಿಸಿದೆ. ಮಧ್ಯದ ಮೆಟ್ಟಿಲುಗಳೇ ಇಲ್ಲ, ಎಲ್ಲವೂ ಶಾಸಕರ ಮನೆ ಬಾಗಿಲಿಗೇ ಹೋಗಬೇಕು.

ನಿಮ್ಮ ಬೀದಿಯ ಲೆಕ್ಕ ನೀವೇ ನೋಡಬಹುದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ನಮೂನೆ 20 ಅಂತ ಇರುತ್ತೆ, ಅದರಲ್ಲಿ ಮತಗಟ್ಟೆವಾರು ಓಟು ಇರುತ್ತೆ. 2018, 2019, 2023, 2024 ನಾಲ್ಕನ್ನೂ ತೆಗೆದು ನಿಮ್ಮ ಮತಗಟ್ಟೆಯದು ಮಾತ್ರ ಪಕ್ಕಪಕ್ಕ ಬರೆಯಿರಿ. ಮತಗಟ್ಟೆ ಸಂಖ್ಯೆ ಬದಲಾಗಿರುತ್ತೆ, ಹಾಗಾಗಿ ಸಂಖ್ಯೆ ನಂಬಬೇಡಿ, ಶಾಲೆಯ ಹೆಸರು ಮತ್ತು ಆ ವರ್ಷದ ಮತದಾರರ ಪಟ್ಟಿಯಲ್ಲಿ ಯಾವ ಬೀದಿ ಸೇರಿದೆ ಅನ್ನೋದು ನೋಡಿ. ಯಾರು ಗೆದ್ದರು ಅನ್ನೋದಕ್ಕಿಂತ ಎರಡು ಗುಂಪಿನ ಓಟು ಎಷ್ಟು ಅಲುಗಾಡಿದೆ ಅಂತ ನೋಡಿ. ವಿಧಾನಸಭೆಗೆ ಎರಡೂ ಸಲ ಹೆಚ್ಚುಕಮ್ಮಿ ಅಷ್ಟೇ ಇದ್ದು ಲೋಕಸಭೆಗೆ ಮಾತ್ರ ಬದಲಾಗಿದ್ದರೆ ಗುಂಪು ಗಟ್ಟಿ ಇದೆ ಅಂತ ಅರ್ಥ. 2018ರಿಂದ 2023ಕ್ಕೇ ಬದಲಾಗಿದ್ದರೆ ಯಾವುದೋ ಮನೆಗಳು ದಾಟಿವೆ. ಯಾವ ಮನೆಗಳು ಅಂತ ಅಪ್ಪನಿಗೆ ಗೊತ್ತಿರುತ್ತೆ, ಯಾಕೆ ಅಂತಲೂ ಗೊತ್ತಿರುತ್ತೆ, ಕೇಳಿ.

ಇನ್ನು ನಿಮ್ಮ ಓಟು. ಕಾನೂನು ಸರಳವಾಗಿದೆ: ನೀವು ಸಾಮಾನ್ಯವಾಗಿ ಎಲ್ಲಿ ವಾಸ ಇರುತ್ತೀರೋ ಅಲ್ಲಿ ಓಟು, ಅದೂ ಒಂದೇ ಕಡೆ. ಊರಲ್ಲಿ ಮನೆ, ಜಮೀನು ಇದೆ ಅನ್ನೋದು ಮಾತ್ರ ಸಾಲದು. ವಾರಪೂರ್ತಿ ಬೆಂಗಳೂರಿನಲ್ಲಿದ್ದು ಹಬ್ಬಕ್ಕೆ ಮಾತ್ರ ಊರಿಗೆ ಹೋಗುವವರಾದರೆ ಓಟು ಬೆಂಗಳೂರಿನಲ್ಲೇ ಇರಬೇಕು, ಬಾಡಿಗೆ ಮನೆಯಾದರೂ ಪರವಾಗಿಲ್ಲ. ವರ್ಗಾವಣೆಗೆ ನಮೂನೆ 8 ತುಂಬಬೇಕು. ನಮೂನೆ 6 ಹೊಸದಾಗಿ ಸೇರುವವರಿಗೆ, ಅದನ್ನು ತುಂಬಿದರೆ ಎರಡು ಕಡೆ ಹೆಸರು ಬಂದು ತೊಂದರೆಯಾಗುತ್ತೆ. ಓಟು ಬದಲಾಯಿಸಿಕೊಂಡರೆ ಅಪ್ಪನಿಗೆ ಬೇಸರ ಆಗಬಹುದು, ಅವರ ಲೆಕ್ಕದಲ್ಲಿ ಮನೆಯ ಒಂದು ಓಟು ಕಡಿಮೆಯಾದ ಹಾಗೆ. ಆದರೆ ಮಾವಿನ ಕಾರ್ಖಾನೆ ಕೇಳೋಕೆ, ಬಗರ್ ಹುಕುಂ ಅರ್ಜಿ ಎಲ್ಲಿಗೆ ಬಂತು ಅಂತ ಆರ್‌ಟಿಐ ಹಾಕೋಕೆ ಊರಿನ ಮತದಾರರಾಗಿರಲೇಬೇಕು ಅಂತ ಇಲ್ಲ. ಆ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ತಾಲ್ಲೂಕು ಕಚೇರಿ ಉತ್ತರ ಕೊಡಬೇಕು.